ಫೋನು ಜಗುಲಿಗೆ ಬರಲಿ: ಘಟ್ಟದ ಮೇಲಿನ ಮತ್ತು ಕೆಳಗಿನ ಮನೆಗಳಿಗೊಂದು ಮಾರ್ಗದರ್ಶಿ

ಉತ್ತರ ಕನ್ನಡ ಜಿಲ್ಲೆಯ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೂರವಾಣಿ ಇರುತ್ತಿದ್ದುದು ಜಗುಲಿಯ ಗೋಡೆಗೆ ಹೊಡೆದ ಹಲಗೆಯೊಂದರ ಮೇಲೆ. ಅದರ ಗಂಟೆ ಅಡುಗೆಮನೆಗೂ ಕೊಟ್ಟಿಗೆಗೂ ಕೇಳುತ್ತಿತ್ತು, ಮಾತಾಡುವವರ ಅರ್ಧ ಮಾತು ಅಲ್ಲೇ ಕವಳ (ಎಲೆಯಡಿಕೆ) ಹಾಕುತ್ತ ಕುಳಿತವರ ಕಿವಿಗೆ ಬೀಳುತ್ತಿತ್ತು, ರಿಸೀವರ್ ಕೆಳಗಿಟ್ಟ ಕೂಡಲೇ ಒಳಗಿನಿಂದ ಯಾರಾದರೊಬ್ಬರು “ಯಾರದ್ದು ಫೋನು?” ಎಂದು ಕೇಳಿಯೇ ಕೇಳುತ್ತಿದ್ದರು. ಹರೆಯದಲ್ಲಿ ನಮಗೆ ಆ ಪ್ರಶ್ನೆಯಷ್ಟು ಕಿರಿಕಿರಿಯದು ಇನ್ನೊಂದಿರಲಿಲ್ಲ. ಫೋನು ಕಿಸೆಗೆ ಬಂದು, ಕಿಸೆಯಿಂದ ಕೋಣೆಗೆ ಹೋಗಿ, ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಲೆ ಆ ಪ್ರಶ್ನೆ ಕೇಳುವವರೇ ಇಲ್ಲವಾದರು.

ಎರಡು ಮಳೆಗಾಲಗಳ ಹಿಂದೆ, ಶಿರಸಿ–ಸಿದ್ದಾಪುರ ನಡುವಿನ ತೋಟದ ಊರೊಂದರಲ್ಲಿರುವ ನನ್ನ ಸೋದರತ್ತೆಗೆ ವಿಡಿಯೋ ಕರೆಯೊಂದು ಬಂತು. ಪೊಲೀಸ್ ಸಮವಸ್ತ್ರದಲ್ಲಿದ್ದವನೊಬ್ಬ, ಅವರ ಆಧಾರ್ ಸಂಖ್ಯೆ ಕೊಟ್ಟು ವಿದೇಶಕ್ಕೆ ಕಳಿಸಿದ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯೆಂದೂ, ವಿಚಾರಣೆ ಮುಗಿಯುವವರೆಗೆ ಕ್ಯಾಮೆರಾದ ಎದುರಿನಿಂದ ಏಳಕೂಡದೆಂದೂ, ಮನೆಯವರಿಗೆ ತಿಳಿಸಿದರೆ ಅವರನ್ನೂ ಬಂಧಿಸಬೇಕಾಗುತ್ತದೆಂದೂ ಹೇಳಿದ. ಮಾವ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದರು. ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡ ಮರದ ಮೇಲಿದ್ದ. ಮನೆಯಿಂದ ಅಲ್ಲಿಗೆ ಕೂಗಳತೆಯ ದೂರ. ಅತ್ತೆ ಉಪ್ಪರಿಗೆಯ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮೂರೂವರೆ ಗಂಟೆ ಕುಳಿತರು ಮತ್ತು ಆ ವರ್ಷದ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿ ಬಂದ ಹಣವನ್ನು ಅವನು ಹೇಳಿದ ಖಾತೆಗೆ ತಾವೇ ಕಳಿಸಿದರು. ಮಗ ಹಾಕಿಸಿಕೊಟ್ಟಿದ್ದ ಫೈಬರ್ ಸಂಪರ್ಕ, ಮಳೆ ಬಂದರೆ ಸಾಕು ಕೈಕೊಡುವಂಥದ್ದು, ಆ ದಿನ ಒಮ್ಮೆಯೂ ಕಡಿಯಲಿಲ್ಲ. ಅತ್ತೆ ಓದುಬರಹ ಬಾರದವರಲ್ಲ; ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು. ಅವರನ್ನು ಸೋಲಿಸಿದ್ದು ಅಜ್ಞಾನವಲ್ಲ. ಒಬ್ಬರೇ ಇದ್ದುದು ಮತ್ತು ಅವಸರಕ್ಕೆ ಸಿಕ್ಕಿದ್ದು.

ಆಧುನಿಕ ತಂತ್ರಜ್ಞಾನದ ದುಷ್ಪರಿಣಾಮಗಳೆಂದು ನಾವು ಬೇರೆ ಬೇರೆಯಾಗಿ ಎಣಿಸುವ ಸಂಗತಿಗಳನ್ನು, ಅಂದರೆ ವಂಚನೆ, ವದಂತಿ, ಮಕ್ಕಳ ಆಟದ ಗೀಳು, ಸಾಲದ ಆ್ಯಪುಗಳ ಕಾಟ ಇವನ್ನೆಲ್ಲ, ಹತ್ತಿರದಿಂದ ನೋಡಿದರೆ ಎಲ್ಲದರ ಕೆಲಸದ ರೀತಿ ಒಂದೇ ಎಂದು ನನಗೆ ಅನ್ನಿಸಿದೆ: ಮನುಷ್ಯನನ್ನು ಉಳಿದವರಿಂದ ಬೇರೆ ಮಾಡಿ, ಯೋಚಿಸಲು ಪುರುಸೊತ್ತು ಕೊಡದೆ, ಬೆರಳು ಒತ್ತಿಸುವುದು. ಆದ್ದರಿಂದ ಫೋನನ್ನೇ ಬಿಡಿ ಎಂಬ ಉಪದೇಶ ಇಲ್ಲಿಲ್ಲ. 2020 ಮತ್ತು 2021ರಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ತಾಡಪಾಲು ಕಟ್ಟಿಕೊಂಡು ಪಾಠ ಕೇಳಿದ್ದನ್ನು ಕಂಡವರು ಆ ಉಪದೇಶ ಮಾಡಲಾರರು. ಫೋನನ್ನು ಮತ್ತೆ ಜಗುಲಿಗೆ ತರುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಕೆಳಗಿನ ಹೆಜ್ಜೆಗಳನ್ನು ಬರೆದ ಕ್ರಮದಲ್ಲಿಯೇ ಮಾಡಿದರೆ ಅನುಕೂಲ, ಏಕೆಂದರೆ ಮೊದಲಿನವು ಒಂದೇ ದಿನದಲ್ಲಿ ಮುಗಿಯುವಂಥವು.

ಮೊದಲ ಹೆಜ್ಜೆ: ಒಂದು ಸಂಜೆ, ಮನೆಯ ಎಲ್ಲ ಫೋನುಗಳು

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳು ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಊರಿಗೆ ಬಂದಿರುವ ಒಂದು ಸಂಜೆಯನ್ನು ಆರಿಸಿಕೊಳ್ಳಿ. ಮನೆಯ ಎಲ್ಲ ಫೋನುಗಳನ್ನೂ ಜಗುಲಿಯ ಚಾಪೆಯ ಮೇಲಿಟ್ಟು, ಎಲ್ಲರೂ ಸುತ್ತ ಕುಳಿತು, ಒಂದೊಂದನ್ನೇ ನೋಡಿ. ಮಗ ಒಬ್ಬನೇ ಅಮ್ಮನ ಫೋನನ್ನು ತೆಗೆದುಕೊಂಡು ಹತ್ತು ನಿಮಿಷದಲ್ಲಿ ‘ಸರಿ ಮಾಡಿ’ ಕೊಟ್ಟುಬಿಟ್ಟರೆ ಅಮ್ಮನಿಗೆ ಏನೂ ಕಲಿತಂತಾಗುವುದಿಲ್ಲ. ಒತ್ತುವ ಬೆರಳು ಅವರದ್ದೇ ಆಗಿರಲಿ.

ಮೊದಲಿಗೆ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ. ಇದು ತೀರ ಸಣ್ಣ ವಿಷಯವೆಂದು ತೋರಬಹುದು, ಆದರೆ ಹಿರಿಯರು ಬೇಡದ್ದನ್ನು ಒತ್ತುವುದಕ್ಕೆ ಅರ್ಧ ಕಾರಣ, ಏನು ಬರೆದಿದೆಯೆಂಬುದು ಅವರಿಗೆ ಕಾಣದಿರುವುದು. ಬಳಿಕ, ಯಾರೂ ಹಾಕಿದ ನೆನಪಿಲ್ಲದ ಆ್ಯಪುಗಳನ್ನೆಲ್ಲ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪುಗಳ ಸ್ಥಾಪನೆ’ಗೆ ವಾಟ್ಸಾಪಿಗಾಗಲಿ ಬ್ರೌಸರಿಗಾಗಲಿ ಅನುಮತಿ ಇದ್ದರೆ ಅದನ್ನು ಮುಚ್ಚಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರುಗಳಲ್ಲಿ ‘ಎಪಿಕೆ’ ಕಡತಗಳು ವಾಟ್ಸಾಪಿನಲ್ಲಿ ಬರುತ್ತವೆ. ಒತ್ತಿದರೆ ತೆರೆಯುವುದು ಚಿತ್ರವಲ್ಲ, ನಿಮ್ಮ ಸಂದೇಶಗಳನ್ನೂ ಒಟಿಪಿಗಳನ್ನೂ ಬೇರೆಡೆಗೆ ಸಾಗಿಸುವ ಆ್ಯಪು. ಒಮ್ಮೆ ಒಬ್ಬರ ಫೋನು ಕೈವಶವಾದರೆ ಅವರ ಹೆಸರಿನಲ್ಲಿಯೇ ಅದು ಅವರ ನೆಂಟರಿಗೆಲ್ಲ ಹೋಗುತ್ತದೆ. ನಮ್ಮಲ್ಲಿ ಕರೆಯೋಲೆಯೆಂದರೆ ಮನೆಗೆ ಬಂದು, ಕುಳಿತು, ಆಸರಿಗೆ ಕುಡಿದು ಕೊಟ್ಟು ಹೋಗುವಂಥದ್ದಾಗಿತ್ತು. ಫೋನಿನಲ್ಲಿ ಕರೆಯುವುದು ತಪ್ಪಲ್ಲ, ಆದರೆ ಕರೆಯೋಲೆ ಬರುವುದಾದರೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕು. ಅದಕ್ಕಾಗಿ ಏನನ್ನೋ ‘ಇನ್‌ಸ್ಟಾಲ್’ ಮಾಡಿ ಎಂದರೆ ಅದು ಕರೆಯೋಲೆಯಲ್ಲ.

ಮೂರನೆಯದಾಗಿ, ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಆರು ಅಂಕಿಯ ಗುಪ್ತಸಂಖ್ಯೆ ಹಾಕಿ. ‘ಲಿಂಕ್ ಮಾಡಿದ ಸಾಧನಗಳು’ ಎಂಬಲ್ಲಿ ನಿಮ್ಮದಲ್ಲದ ಕಂಪ್ಯೂಟರಿನ ಹೆಸರು ಕಂಡರೆ ಅಲ್ಲಿಂದಲೇ ತೆಗೆದುಹಾಕಿ. ನಾಲ್ಕನೆಯದಾಗಿ, ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ತಾಣದಲ್ಲಿ ಪ್ರತಿಯೊಬ್ಬರ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ನೋಡಿ. ನೀವು ಕೊಳ್ಳದ ಸಂಖ್ಯೆ ಕಂಡುಬಂದರೆ ಅದು ತಮ್ಮದಲ್ಲವೆಂದು ಅಲ್ಲಿಯೇ ತಿಳಿಸಬಹುದು. ಫೋನು ಜಾತ್ರೆಯಲ್ಲೋ ಬಸ್ಸಿನಲ್ಲೋ ಕಳೆದರೆ ಅದನ್ನು ಯಾವ ಸಿಮ್ಮಿನಿಂದಲೂ ಬಳಸಲಾಗದಂತೆ ತಡೆಹಿಡಿಸುವ ಸೌಲಭ್ಯವೂ ಅದೇ ತಾಣದಲ್ಲಿದೆ. ಕೊನೆಗೆ ಫೋನಿನ ಹಿಂಬದಿಯ ಕವಚ ಬಿಚ್ಚಿ ನೋಡಿ. ಎಟಿಎಂ ಪಿನ್ ಬರೆದ ಚೀಟಿ ಎಷ್ಟು ಮನೆಗಳಲ್ಲಿ ಅಲ್ಲಿರುತ್ತದೆಂದರೆ, ಕಳ್ಳರು ಮೊದಲು ಹುಡುಕುವುದೂ ಅಲ್ಲಿಯೇ ಇರಬೇಕು.

ಎರಡನೆಯ ಹೆಜ್ಜೆ: ದೊಡ್ಡ ಹಣವನ್ನು ಫೋನಿನಿಂದ ದೂರವಿಡುವುದು

ಅಡಿಕೆ ಬೆಳೆಗಾರರಿಗೆ ತಿಂಗಳ ಸಂಬಳವಿಲ್ಲ. ಸಹಕಾರಿ ಸಂಘದಲ್ಲಿ ಅಡಿಕೆ ವಿಕ್ರಿಯಾದಾಗ ವರ್ಷದ ಹಣ ಒಟ್ಟಿಗೆ ಬರುತ್ತದೆ. ಮೀನುಗಾರಿಕೆಯಲ್ಲಿಯೂ ಒಳ್ಳೆಯ ಹಂಗಾಮಿನ ಹಣ ಹೀಗೆಯೇ ಗುಡ್ಡೆಯಾಗಿ ಬರುವಂಥದ್ದು. ಅದೇ ಖಾತೆಗೆ ಫೋನಿನ ಯುಪಿಐ ಜೋಡಿಸಿಟ್ಟರೆ, ಚಹಾದಂಗಡಿಗೆ ಹದಿನೈದು ರೂಪಾಯಿ ಕೊಡುವ ಕಿಂಡಿಯಿಂದಲೇ ವರ್ಷದ ದುಡಿಮೆ ಹರಿದುಹೋಗಲು ದಾರಿ ಮಾಡಿಟ್ಟಂತೆ.

ಆದ್ದರಿಂದ ಎರಡು ಖಾತೆಗಳನ್ನು ಇಟ್ಟುಕೊಳ್ಳಿ. ದೊಡ್ಡ ಹಣ ಬರುವ ಖಾತೆಗೆ ಯುಪಿಐ ಬೇಡ, ಮೊಬೈಲ್ ಬ್ಯಾಂಕಿಂಗೂ ಬೇಡ. ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಅದನ್ನು ನಿಲ್ಲಿಸಬಹುದು. ಇನ್ನೊಂದು ಸಣ್ಣ ಖಾತೆ ತೆರೆದು ಯುಪಿಐಯನ್ನು ಅದಕ್ಕೆ ಮಾತ್ರ ಜೋಡಿಸಿ, ತಿಂಗಳಿಗೆ ಬೇಕಾಗುವಷ್ಟು ಹಣವನ್ನು ಅದಕ್ಕೆ ಹಾಕುತ್ತಿರಿ. ಹೋದರೂ ಹೋಗುವುದು ಅಷ್ಟೇ. ಊರಿನ ಪ್ರಾಥಮಿಕ ಸಹಕಾರಿ ಸಂಘದಲ್ಲಿ ಹಣ ತೆಗೆಯಬೇಕೆಂದರೆ ಪಾಸ್‌ಪುಸ್ತಕ ಹಿಡಿದು ಹೋಗಿ, ಕಾರ್ಯದರ್ಶಿಯ ಮುಂದೆ ಕುಳಿತು, ‘ಇಷ್ಟೊಂದು ಎಂತಕ್ಕೆ ಬೇಕಾಯ್ತು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಅದನ್ನು ಹಳೆಯ ಕಾಲದ ತಾಪತ್ರಯವೆಂದು ನಗುತ್ತಿದ್ದ ನನ್ನ ಭಾವನೇ, ಅಂದರೆ ಆ ಅತ್ತೆಯ ಮಗನೇ, ತನ್ನ ತಾಯಿಗೆ ಹಾಗಾದ ಮೇಲೆ, ಮರುವರ್ಷದ ಅಡಿಕೆ ಹಣವನ್ನು ಅಲ್ಲಿ ಠೇವಣಿ ಇಟ್ಟ.

ಆಧಾರಿನ ಬೆರಳಚ್ಚಿನ ವಿಷಯ ಒಂದಿದೆ. ಆಧಾರ್ ಆಧಾರಿತ ಪಾವತಿಯಲ್ಲಿ ಬೆರಳಚ್ಚು ಕೊಟ್ಟರೆ ಒಟಿಪಿ ಇಲ್ಲದೆಯೇ ಖಾತೆಯಿಂದ ಹಣ ತೆಗೆಯಬಹುದು. ನಕಲು ಬೆರಳಚ್ಚಿನಿಂದ ಹಣ ಹೊಡೆದ ಪ್ರಕರಣಗಳು ದೇಶದಲ್ಲಿ ನಡೆದಿವೆ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಅಥವಾ ತಾಣದಲ್ಲಿ ಬಯೊಮೆಟ್ರಿಕ್ ಬೀಗ ಹಾಕುವ ಅವಕಾಶವಿದೆ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳು ತಿಂಗಳು ಹೆಬ್ಬೆಟ್ಟು ಒತ್ತಿ ಪಡಿತರ ತರುವವರು ಹೋಗುವ ಮೊದಲು ಬೀಗ ತೆಗೆಯಬೇಕಾಗುತ್ತದೆ. ಅದು ಮರೆತುಹೋಗುವಂತಿದ್ದರೆ ಮನೆಯಲ್ಲಿ ಪಡಿತರ ತರುವ ಒಬ್ಬರನ್ನು ಬಿಟ್ಟು ಉಳಿದವರದಕ್ಕೆ ಬೀಗ ಹಾಕಿ.

ಮೂರನೆಯ ಹೆಜ್ಜೆ: ಕರೆ ಬಂದಾಗ, ಮತ್ತು ಹಣ ಹೋದ ಮೇಲಿನ ಮೊದಲ ಗಂಟೆ

ಅತ್ತೆಗೆ ಬಂದಂಥ ಕರೆಗಳಲ್ಲಿ ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಪೊಲೀಸರಾಗಲಿ, ಸಿಬಿಐ ಆಗಲಿ, ಕಸ್ಟಮ್ಸ್ ಆಗಲಿ, ನ್ಯಾಯಾಲಯವಾಗಲಿ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣವನ್ನು ‘ಪರಿಶೀಲನೆಗಾಗಿ’ ವರ್ಗಾಯಿಸಲು ಹೇಳುವುದೂ ಇಲ್ಲ. 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಪ್ರಧಾನಿಯವರೇ ಇದನ್ನು ಹೇಳಿ, ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂದಿದ್ದರು. ಇದು ಗೊತ್ತಿದ್ದೂ ಜನ ಸಿಕ್ಕಿಬೀಳುತ್ತಾರೆ, ಏಕೆಂದರೆ ಹೆದರಿದ ಹೊತ್ತಿನಲ್ಲಿ ಓದಿದ್ದು ನೆನಪಿಗೆ ಬರುವುದಿಲ್ಲ. ಹಾಗಾಗಿ ನೆನಪಿನ ಮೇಲೆ ನಿಲ್ಲದ ಒಂದು ಕಟ್ಟುಪಾಡನ್ನು ಮನೆಯಲ್ಲಿ ಮಾಡಿಕೊಳ್ಳಿ: ‘ಯಾರಿಗೂ ಹೇಳಬೇಡಿ’ ಎಂದು ಫೋನಿನಲ್ಲಿ ಯಾರೇ ಹೇಳಿದರೂ, ಆ ಮಾತು ಕಿವಿಗೆ ಬಿದ್ದ ಕೂಡಲೇ ಜಗುಲಿಗೆ ಬಂದು ಮನೆಯವರನ್ನು ಕೂಗುವುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಹೋಗುವುದು. ಒಬ್ಬರೇ ಇರುವ ಹಿರಿಯರಿಗೆ ಪಕ್ಕದ ಮನೆಯ ಇಬ್ಬರನ್ನು ಮೊದಲೇ ಗೊತ್ತುಮಾಡಿಡಿ. ಅವರಿಗೂ ಅದನ್ನು ತಿಳಿಸಿಡಿ.

ಈಗ ಧ್ವನಿಯನ್ನೂ ನಕಲು ಮಾಡಬಹುದಾಗಿದೆ. ‘ಅಪ್ಪಾ, ಅಪಘಾತವಾಯ್ತು, ತಕ್ಷಣ ದುಡ್ಡು ಬೇಕು’ ಎಂದು ಮಗನ ದನಿಯಲ್ಲಿಯೇ ಕರೆ ಬಂದರೆ, ಮನೆಯವರಿಗೆ ಮಾತ್ರ ಗೊತ್ತಿರುವ ಪ್ರಶ್ನೆಯೊಂದನ್ನು ಕೇಳಿ. ಹುಟ್ಟಿದ ದಿನ, ಶಾಲೆಯ ಹೆಸರು ಇವೆಲ್ಲ ಫೇಸ್‌ಬುಕ್ಕಿನಲ್ಲಿ ಸಿಗುತ್ತವೆ. ಕೊಟ್ಟಿಗೆಯಲ್ಲಿ ಮೊದಲಿದ್ದ ಹಾಯುವ ಆಕಳ ಹೆಸರು ಅಲ್ಲಿ ಸಿಗುವುದಿಲ್ಲ. ಉತ್ತರ ಬಂದರೂ ಕರೆ ಕಡಿದು, ನಿಮ್ಮಲ್ಲಿರುವ ಮಗನ ಹಳೆಯ ಸಂಖ್ಯೆಗೆ ನೀವೇ ಕರೆ ಮಾಡಿ. ಇನ್ನೊಂದು ನಿಯಮ ಎಲ್ಲರಿಗೂ ಬಾಯಿಪಾಠವಾಗಿರಲಿ: ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಅಷ್ಟಾಗಿಯೂ ಹಣ ಹೋಯಿತೆನ್ನಿ. ಆಗ ಅಳುವುದಕ್ಕೂ ಬೈಯುವುದಕ್ಕೂ ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ಆರ್ಥಿಕ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಹಲವು ಖಾತೆಗಳನ್ನು ದಾಟಿ ನಗದಾಗುತ್ತದೆ. ನಡುವೆ ಎಲ್ಲಿಯಾದರೂ ಅದು ನಿಂತಿರುವಾಗಲೇ ಮಾಹಿತಿ ತಲುಪಿದರೆ ಆ ಬ್ಯಾಂಕು ಅದನ್ನು ತಡೆಹಿಡಿಯಬಲ್ಲದು, ತಡವಾದಷ್ಟೂ ತಡೆಹಿಡಿಯಲು ಉಳಿಯುವುದು ಕಡಿಮೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ವೇಳೆ ಮತ್ತು ಸಂದೇಶದಲ್ಲಿ ಬಂದ ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಜತೆಗೇ ಇನ್ನೊಬ್ಬರು ಬ್ಯಾಂಕಿಗೆ ಕರೆ ಮಾಡಿ ಖಾತೆಯನ್ನು ಸ್ಥಗಿತಗೊಳಿಸಲಿ. ಬಂದ ಸಂದೇಶಗಳನ್ನು ನಾಚಿಕೆಯಿಂದ ಅಳಿಸಬೇಡಿ, ಸಾಕ್ಷ್ಯವೆಂದರೆ ಅದೊಂದೇ. 1930ರಿಂದ ಸಿಗುವ ದೂರಿನ ಸಂಖ್ಯೆಯನ್ನಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ವಿವರ ತುಂಬಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆ ಕಾರವಾರದಲ್ಲಿದೆ. ಆದರೆ ಜೊಯಿಡಾದಿಂದಲೋ ಸಿದ್ದಾಪುರದಿಂದಲೋ ಅಲ್ಲಿಗೆ ಹೋಗುವ ಬಸ್ಸಿಗೆ ಕಾಯುತ್ತ ಮೊದಲ ದಿನವನ್ನು ಕಳೆಯಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು.

ಬ್ಯಾಂಕಿನ ಹೊಣೆಯ ಬಗ್ಗೆಯೂ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ನಿಮ್ಮದೂ ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಿಮ್ಮ ಹೊಣೆ ಏನೂ ಇಲ್ಲ. ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನದು. ನಮ್ಮ ಅತ್ತೆ ಮಾವನಿಗೆ ಹೇಳಿದ್ದು ಮೂರನೆಯ ದಿನ, ಅದೂ ಮಾವನೇ ಪಾಸ್‌ಪುಸ್ತಕ ನೋಡಿ ಕೇಳಿದ ಮೇಲೆ. ಸ್ವಲ್ಪ ಹಣ ಮಾತ್ರ ಮರಳಿತು. ‘ಎಂತಕ್ಕೆ ಹೇಳಲಿಲ್ಲ?’ ಎಂದರೆ, ಬುದ್ಧಿಯಿಲ್ಲದವಳು ಎನ್ನುತ್ತೀರಿ ಎಂದು ಹೆದರಿದೆ ಎಂದರು. ಅದು ಸುಳ್ಳಲ್ಲ, ನಾವು ಅಂದೇಬಿಡುತ್ತಿದ್ದೆವು. ಮೋಸ ಹೋದವರನ್ನು ಮನೆಯಲ್ಲಿ ಗೇಲಿ ಮಾಡದಿರುವುದು ಸೌಜನ್ಯ ಮಾತ್ರವಲ್ಲ, ಮೊದಲ ಗಂಟೆಯನ್ನು ಉಳಿಸಿಕೊಳ್ಳುವ ಉಪಾಯ.

ನಾಲ್ಕನೆಯ ಹೆಜ್ಜೆ: ಮುಂದಕ್ಕೆ ಕಳಿಸುವ ಮೊದಲು

ವದಂತಿ ಏನು ಮಾಡಬಲ್ಲದೆಂಬುದನ್ನು ನಮ್ಮ ಜಿಲ್ಲೆಗೆ ಹೊರಗಿನವರು ಹೇಳಬೇಕಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಾಗ, ಚಿತ್ರಹಿಂಸೆ ನೀಡಿ ಕೊಂದರೆಂಬ ವಿವರಗಳು ಫೋನಿನಿಂದ ಫೋನಿಗೆ ಹರಿದಾಡಿದವು. ಕುಮಟೆ, ಶಿರಸಿಗಳಲ್ಲಿ ಗಲಭೆಯಾಯಿತು, ವಾಹನಗಳು ಸುಟ್ಟವು. ಆ ವಿವರಗಳನ್ನು ವೈದ್ಯರು ಆಗಲೇ ಅಲ್ಲಗಳೆದಿದ್ದರು. ಸುಮಾರು ಐದು ವರ್ಷಗಳ ತರುವಾಯ ಸಿಬಿಐ ಅದನ್ನು ಆಕಸ್ಮಿಕ ಸಾವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಷ್ಟರೊಳಗೆ ಕೇಸು ಬಿದ್ದ ಹುಡುಗರ ವರ್ಷಗಳು ಕೋರ್ಟಿಗೆ ಅಲೆಯುವುದರಲ್ಲಿ ಕಳೆದಿದ್ದವು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಗುಂಪು, ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದ ಹೈದರಾಬಾದಿನ ಯುವಕರ ಮೇಲೆ ಬಿದ್ದು ಒಬ್ಬನನ್ನು ಕೊಂದಿತು. ವಾಟ್ಸಾಪು ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದೂಡದಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಮುಂದೂಡಲ್ಪಟ್ಟ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಬಿಗಿ ಮಾಡಿತು.

ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ, ಅಂದರೆ ಕಳಿಸಿದವರಿಗೂ ಅದರ ಮೂಲ ಗೊತ್ತಿಲ್ಲ. ಆಗ ಚಿತ್ರದಲ್ಲಿ ನಾಮಫಲಕದ ಭಾಷೆ ಯಾವುದು, ವಾಹನದ ಸಂಖ್ಯೆ ಯಾವ ರಾಜ್ಯದ್ದು, ಅಲ್ಲಿ ಮಳೆಯೋ ಬಿಸಿಲೋ ಎಂದು ನೋಡಿ. ಚಿತ್ರವನ್ನು ಗೂಗಲ್ ಲೆನ್ಸಿಗೆ ಕೊಟ್ಟರೆ ಅದು ಹಿಂದೆ ಎಲ್ಲಿ ಪ್ರಕಟವಾಗಿತ್ತೆಂಬುದು ಅನೇಕ ಸಲ ಸಿಗುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದ ದಾರಿ ನಮ್ಮ ಬಳಿ ಮೊದಲಿನಿಂದಲೂ ಇದೆ. ಘಟ್ಟದ ಮೇಲಿನ ಯಾವ ಮನೆಗೆ ಘಟ್ಟದ ಕೆಳಗೆ ನೆಂಟರಿಲ್ಲ? ಅಂಕೋಲೆಯಲ್ಲಿ ಏನೋ ಆಗಿದೆಯೆಂಬ ವಿಡಿಯೋ ಬಂದರೆ ಅಂಕೋಲೆಯ ಭಾವನಿಗೆ ಕರೆ ಮಾಡಿ. ‘ಇಲ್ಲಿ ಎಂತದೂ ಇಲ್ಲ, ಅಂಗಡಿ ತೆರೆದೇ ಇದ್ದು’ ಎಂದು ಆತ ಹೇಳುವುದಕ್ಕೆ ಒಂದು ನಿಮಿಷ ಸಾಕು. ಸುಳ್ಳೆಂದು ತಿಳಿಯುವ ಮೊದಲೇ ಕಳಿಸಿಬಿಟ್ಟಿದ್ದರೆ ಸುಮ್ಮನೆ ಅಳಿಸಿ ಕೂರದೆ, ಅದೇ ಗುಂಪಿನಲ್ಲಿ ‘ನಾನು ಕಳಿಸಿದ್ದು ತಪ್ಪು’ ಎಂದು ಬರೆಯಿರಿ. ಗುಂಪಿನ ಅಡ್ಮಿನ್ ಆಗಿರುವವರು ಊರು ಬಿಸಿಯಾಗಿರುವ ದಿನಗಳಲ್ಲಿ ‘ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು’ ಎಂದು ಬದಲಾಯಿಸಿದರೆ ಯಾರ ಸ್ವಾತಂತ್ರ್ಯವೂ ಹೋಗುವುದಿಲ್ಲ.

ಐದನೆಯ ಹೆಜ್ಜೆ: ಮಕ್ಕಳು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಫೋನು ತೋರಿಸಿ ತುತ್ತಿಡುವ ಅಭ್ಯಾಸವನ್ನು ಬಿಡಿಸಬೇಕಾದರೆ ಮೊದಲ ಒಂದು ವಾರ ಮಗು ಕಡಿಮೆ ಉಣ್ಣುತ್ತದೆ, ಅಜ್ಜಿ ಕೋಪಿಸಿಕೊಳ್ಳುತ್ತಾರೆ. ಅಷ್ಟನ್ನು ತಡೆದುಕೊಳ್ಳಬೇಕು.

ದೊಡ್ಡ ಮಕ್ಕಳ ವಿಷಯದಲ್ಲಿ ಗಂಟೆಗಳನ್ನು ಎಣಿಸುವುದಕ್ಕಿಂತ ಜಾಗ ಗೊತ್ತುಮಾಡುವುದು ಸುಲಭ. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಫೋನುಗಳೂ ಜಗುಲಿಯ ಒಂದೇ ಕಡೆ ಚಾರ್ಜಿಗೆ ಬೀಳಲಿ. ಮಲಗುವ ಕೋಣೆಗೆ ಯಾವುದೂ ಹೋಗುವುದು ಬೇಡ. ಬೆಳಿಗ್ಗೆ ಏಳಲು ಅಲಾರಂ ಗಡಿಯಾರವೊಂದನ್ನು ಕೊಂಡರಾಯಿತು. ಎಲ್ಲ ಫೋನುಗಳೂ ಎಂದರೆ ಅಪ್ಪನದೂ ಸೇರಿ. ಊಟದ ಎಲೆಯ ಮುಂದೆಯೂ ಅಡಿಕೆ ಧಾರಣೆಯ ಗುಂಪನ್ನು ನೋಡುತ್ತ ಕೂರುವ ತಂದೆ ಮಗನಿಗೆ ಆಟ ನಿಲ್ಲಿಸು ಎಂದರೆ ಆ ಮಾತಿಗೆ ತೂಕವಿರುವುದಿಲ್ಲ, ಮತ್ತು ಇದನ್ನು ನನ್ನನ್ನೂ ಸೇರಿಸಿಕೊಂಡೇ ಬರೆಯುತ್ತಿದ್ದೇನೆ. ಶಾಲೆಯ ಮನೆಗೆಲಸ ವಾಟ್ಸಾಪಿನಲ್ಲಿ ಬರುತ್ತದೆಂಬುದು ಈಗ ಎಲ್ಲ ಮಕ್ಕಳ ಸಬೂಬು. ಮನೆಗೆಲಸವನ್ನು ಜಗುಲಿಯಲ್ಲಿಯೇ ಹಾಳೆಗೆ ಬರೆದುಕೊಂಡು ಫೋನನ್ನು ಅಲ್ಲಿಯೇ ಬಿಟ್ಟು ಹೋಗಲಿ.

ಆಟವಾಡುವ ಮಕ್ಕಳೆಲ್ಲ ರೋಗಿಗಳಲ್ಲ. 2022ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದ್ದರೂ, ಅದರ ಲಕ್ಷಣ ಕಟ್ಟುನಿಟ್ಟಿನದು: ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಕೆಡುಕಾಗುತ್ತಿದ್ದರೂ ಮುಂದುವರಿಯುತ್ತಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗಿರಬೇಕು. ಊಟ, ನಿದ್ದೆ, ಶಾಲೆ ಮೂರೂ ತಪ್ಪತೊಡಗಿದ್ದರೆ 14416ಕ್ಕೆ, ಅಂದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿ. ಅದು ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ.

ಮನೆಯವರು ಎಲ್ಲಕ್ಕಿಂತ ಹೆಚ್ಚು ಸಿದ್ಧರಾಗಿರಬೇಕಾದ ಸನ್ನಿವೇಶ ಇನ್ನೊಂದು. ಅಪರಿಚಿತರೊಡನೆ ಗೆಳೆತನವಾಗಿ, ಖಾಸಗಿ ಚಿತ್ರವೊಂದು ಅವರ ಕೈಗೆ ಹೋಗಿ, ಈಗ ಹಣ ಕೊಡದಿದ್ದರೆ ನೆಂಟರಿಗೆಲ್ಲ ಕಳಿಸುತ್ತೇವೆಂಬ ಬೆದರಿಕೆ. ಹುಡುಗಿಯರು ಮಾತ್ರವಲ್ಲ, ಹುಡುಗರೂ ಇದಕ್ಕೆ ಸಿಕ್ಕುತ್ತಾರೆ. ಇಂಥದ್ದು ಆಗುವುದಕ್ಕೆ ಎಷ್ಟೋ ಮೊದಲೇ ಮಕ್ಕಳಿಗೆ ಒಂದು ಮಾತು ಹೇಳಿಟ್ಟಿರಿ: ‘ಏನೇ ಆಗಿರಲಿ, ಮೊದಲು ನಮಗೆ ಹೇಳು, ಬೈಯುವುದಿಲ್ಲ.’ ಮಗು ಬಂದು ಹೇಳಿದ ದಿನ ಆ ಮಾತನ್ನು ಉಳಿಸಿಕೊಳ್ಳಿ. ಹಣ ಕೊಡಬೇಡಿ, ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ. ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆ ಖಾತೆಯನ್ನು ತಡೆಹಿಡಿಯಿರಿ. ಸೈಬರ್ ಅಪರಾಧ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಬೇರೆಯೇ ವಿಭಾಗವಿದ್ದು, ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098.

ಆರನೆಯ ಹೆಜ್ಜೆ: ಸಾಲ, ಬಾಜಿ, ಬಾಡಿಗೆ ಖಾತೆ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕಿರುವ, ಆದಾಯ ನಿಂತಿರುವ, ಅದೇ ಹೊತ್ತಿಗೆ ಶಾಲೆಯ ಫೀಸು ಕಟ್ಟಬೇಕಾದ ಆ ತಿಂಗಳುಗಳಲ್ಲಿ, ಐದು ನಿಮಿಷದಲ್ಲಿ ಸಾಲ ಎಂಬ ಆ್ಯಪು ಸೆಳೆಯುತ್ತದೆ. ಅದು ನಿಮ್ಮ ಸಂಪರ್ಕ ಪಟ್ಟಿಯನ್ನೂ ಚಿತ್ರಗಳನ್ನೂ ನೋಡಲು ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಂತು ತಪ್ಪಿದ ದಿನ ಮರ್ಯಾದೆ ಕಳೆಯುವುದು ಆ ಪಟ್ಟಿಯಿಂದಲೇ. ರಿಸರ್ವ್ ಬ್ಯಾಂಕು 2022ರ ನಿಯಮಗಳಲ್ಲಿ ಇದನ್ನು ನಿಷೇಧಿಸಿದೆ, ಮತ್ತು ನಿಯಂತ್ರಿತ ಸಂಸ್ಥೆಗಳ ಸಾಲದ ಆ್ಯಪುಗಳ ಪಟ್ಟಿ ಅದರ ತಾಣದಲ್ಲಿದೆ. ಪಟ್ಟಿಯಲ್ಲಿಲ್ಲದ್ದು ಬೇಡ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ಈಗಲೂ ಯಾರಾದರೂ ಲಿಂಕ್ ಕಳಿಸಿದರೆ ಅದು ಕಾನೂನಿನ ಹೊರಗಿನದು, ಗೆದ್ದ ಹಣ ಕೊಡದಿದ್ದರೆ ಕೇಳುವವರಿಲ್ಲ.

ಕಾಲೇಜಿಗೆ ಹೋಗುವ ಹುಡುಗರಿಗೆ ಇದೊಂದನ್ನು ಕೂರಿಸಿ ಹೇಳಿ. ‘ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುವವರು ಸಿಗುತ್ತಾರೆ. ನಮ್ಮ ಅತ್ತೆಯಂಥವರ ಹಣ ಹಾದುಹೋಗುವುದು ಅಂಥ ಖಾತೆಗಳ ಮೂಲಕವೇ, ಮತ್ತು ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯದ್ದು.

ಏಳನೆಯ ಹೆಜ್ಜೆ: ಫೋನು ಸತ್ತ ದಿನಕ್ಕೆ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂಥ ಮಳೆಯಲ್ಲಿ ಮರ ಬಿದ್ದು ವಿದ್ಯುತ್ತು ಹೋದರೆ ಮೊಬೈಲ್ ಗೋಪುರದ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಇಲ್ಲ. ಹೆಂಡತಿಯ ಸಂಖ್ಯೆಯೂ ಬಾಯಿಗೆ ಬಾರದ, ಕಿಸೆಯಲ್ಲಿ ಹತ್ತು ರೂಪಾಯಿ ನಗದೂ ಇಲ್ಲದ ಸ್ಥಿತಿಗೆ ನಾವು ಬಂದು ನಿಂತಿರುವುದು ಆಗ ಗೊತ್ತಾಗುತ್ತದೆ.

ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಇಷ್ಟನ್ನು ಮಾಡಿ ಮುಗಿಸಿ. ಒಂದು ವಾರದ ಖರ್ಚಿಗಾಗುವಷ್ಟು ನಗದನ್ನು, ಹೆಚ್ಚಿನದು ಸಣ್ಣ ನೋಟುಗಳಲ್ಲಿ, ಮನೆಯಲ್ಲಿಡಿ. ಔಷಧ ಚೀಟಿ, ವಿಮೆ ಮತ್ತು ಪಾಸ್‌ಪುಸ್ತಕದ ಮೊದಲ ಪುಟದ ಝೆರಾಕ್ಸು ಒಂದು ಲಕೋಟೆಯಲ್ಲಿರಲಿ. ಬ್ಯಾಟರಿಯ ರೇಡಿಯೋ ಇದ್ದರೆ ಸೆಲ್ಲು ಬದಲಾಯಿಸಿ. ಸ್ಥಿರ ದೂರವಾಣಿ ಇನ್ನೂ ಉಳಿದಿದ್ದರೆ ಅದನ್ನು ತೆಗೆಸುವ ವಿಚಾರವನ್ನು ಇನ್ನೊಂದು ವರ್ಷ ಮುಂದೂಡಿ. ಆಮೇಲೆ ಒಂದು ಸಣ್ಣ ಪುಸ್ತಕ ತೆಗೆದುಕೊಂಡು ಮೊದಲ ಪುಟದಲ್ಲಿ 112, 108, ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ 1077, ವಿದ್ಯುತ್ ದೂರಿನ 1912 ಮತ್ತು 1930, ಎರಡನೆಯ ಪುಟದಲ್ಲಿ ಮನೆಯವರ ಹಾಗೂ ಪಕ್ಕದ ಮನೆಯ ಆ ಇಬ್ಬರ ಸಂಖ್ಯೆಗಳು, ಮೂರನೆಯದರಲ್ಲಿ ಬ್ಯಾಂಕಿನ ಖಾತೆ ತಡೆಹಿಡಿಸುವ ಸಂಖ್ಯೆ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಪಿನ್, ಪಾಸ್‌ವರ್ಡ್‌ಗಳನ್ನು ಅದರಲ್ಲಿ ಬರೆಯಬೇಡಿ. ಪೆನ್ನಿನ ಬದಲು ಪೆನ್ಸಿಲ್ ಬಳಸಿ. ಪಸೆ ತಾಗಿದರೆ ಶಾಯಿ ಹರಡುತ್ತದೆ, ಸೀಸದ ಅಕ್ಷರ ಉಳಿಯುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಳೆಯ ಫೋನಿನ ಹಲಗೆ ಇನ್ನೂ ಗೋಡೆಯ ಮೇಲಿದ್ದರೆ ಅಲ್ಲಿಯೇ ಇಡಿ.